ಮೆತ್ತಿನ ಏಣಿಯಿಂದ ಸಿಮೆಂಟಿನ ಹಲಗೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳನ್ನು ನೆನೆಯುವವರು ಜಗಲಿಯನ್ನು, ಅಂಗಳವನ್ನು, ಪ್ರಧಾನ ಬಾಗಿಲ ಕೆತ್ತನೆಯನ್ನು ನೆನೆಯುತ್ತಾರೆ. ಮೆತ್ತಿಗೆ ಹತ್ತುವ ಏಣಿಮೆಟ್ಟಿಲಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನನ್ನ ನೆನಪು ಮಾತ್ರ ಮತ್ತೆ ಮತ್ತೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಎರಡು ಮಗ್ಗುಲಿಗೆ ಎರಡು ದಪ್ಪ ಮರ, ಅವುಗಳ ಒಳಮೈಗೆ ಕಚ್ಚು ಹೊಡೆದು ಕೂರಿಸಿದ ಅಡ್ಡ ಹಲಗೆಗಳು, ಹಿಡಿದು ಹತ್ತಲು ಮೇಲಿಂದ ಇಳಿಬಿಟ್ಟ ಒಂದು ಹಗ್ಗ. ಅಷ್ಟರಲ್ಲಿ ಮೆಟ್ಟಿಲು ಮುಗಿಯಿತು. ಹಲಗೆ ಹಲಗೆಯ ನಡುವೆ ಬರೀ ಖಾಲಿ. ಹತ್ತುವವರ ಕಾಲು ಬಿದ್ದು ಬಿದ್ದು ಹಲಗೆಯ ಮುಂಚೂಣಿ ನಡುವಲ್ಲಿ ಸವೆದು ತಗ್ಗಾಗಿರುತ್ತಿತ್ತು, ಎರಡು ತುದಿ ಮಾತ್ರ ಆಚಾರಿ ಬಿಟ್ಟುಹೋದ ಹಾಗೇ ಚೂಪಾಗಿರುತ್ತಿತ್ತು. ಆ ಖಾಲಿಯಿಂದ ಮೆತ್ತಿನ ಕಿಂಡಿಯ ಬೆಳಕು ಕೆಳಗಿನ ಕತ್ತಲೆಕೋಣೆಗೆ ಇಳಿಯುತ್ತಿತ್ತು. ಅಡುಗೆಮನೆಯ ಬಿಸಿಗಾಳಿ, ಹೊಗೆ ಅದೇ ದಾರಿಯಲ್ಲಿ ಮೇಲೇರಿ ಮೆತ್ತಿನ ಮೇಲಿನ ಅಡಿಕೆ, ಬೀಜದ ಭತ್ತ, ಬೆಲ್ಲದ ಕೊಡಗಳನ್ನು ಮಳೆಗಾಲದ ಥಂಡಿಯಿಂದ ಕಾಯುತ್ತಿತ್ತು. ಕಳೆದ ಮೂರ್ನಾಲ್ಕು ದಶಕಗಳಲ್ಲಿ ಈ ಏಣಿಮೆಟ್ಟಿಲು ನಮ್ಮ ಮನೆಗಳಿಂದ ಹೋಗಿ, ಅದರ ಜಾಗಕ್ಕೆ ಕಾಂಕ್ರೀಟಿನ ಇಳಿಜಾರು ಸ್ಲ್ಯಾಬಿನ ಮೆಟ್ಟಿಲು ಬಂತು. ಮರ ಹೋದದ್ದು ಸರಿ, ಅದು ಹೋಗಲೇಬೇಕಿತ್ತು. ಅದರ ಜೊತೆಗೆ ಆ ಖಾಲಿಯೂ ಹೋಗಬೇಕಾಗಿರಲಿಲ್ಲ ಎಂಬುದು ನನ್ನ ವಾದ. ಮೊದಲೇ ಅಚ್ಚಿನಲ್ಲಿ ಎರೆದ ಕಾಂಕ್ರೀಟ್ ಹಲಗೆ, ಅಂದರೆ ಪ್ರಿಕಾಸ್ಟ್ ಮೆಟ್ಟಿಲು, ಅದನ್ನು ನಮಗೆ ಮರಳಿ ಕೊಡಬಲ್ಲದು.

ಮರ ಯಾಕೆ ಹೋಗಬೇಕಿತ್ತು ಎಂಬುದನ್ನು ಈ ಮೂರು ತಾಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಕಡಿಯುವ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಕಾಡು ಹೋದರೆ ಹಳ್ಳ ಬತ್ತುತ್ತದೆ, ಹಳ್ಳ ಬತ್ತಿದರೆ ಅಡಿಕೆ ತೋಟ ಉಳಿಯುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ದೇಶದ ಕಾಡುಗಳಲ್ಲಿ ಮರ ಕಡಿಯುವುದಕ್ಕೆ ದೊಡ್ಡ ತಡೆ ಹಾಕಿತು. ಬೀಟೆ, ಸಾಗವಾನಿ, ಹೊನ್ನೆ, ಮತ್ತಿಯ ಅಗಲ ಹಲಗೆಗಳು ಸಾಮಾನ್ಯ ಮನೆಗೆ ಎಟುಕದಂತಾದವು. ಎಟುಕಿದರೂ ಒಂದು ಮೆಟ್ಟಿಲಿಗಾಗಿ ಒಂದು ದೊಡ್ಡ ಮರ ಬೀಳಬೇಕೆ ಎಂಬ ಪ್ರಶ್ನೆ ಇದ್ದೇ ಇತ್ತು. ಅಗ್ಗದ ಮರ ಹಾಕಿದ ಮನೆಗಳಲ್ಲಿ ಒರಲೆ ಹಿಡಿದು, ಹೊರಗೆ ಗಟ್ಟಿಯಾಗಿ ಕಂಡ ಹಲಗೆ ಒಳಗೆ ಪೊಳ್ಳಾಗುತ್ತಿತ್ತು. ಹಾಗಾಗಿ ಹಳೆಯದೇ ಚೆನ್ನಾಗಿತ್ತು ಎಂದು ಮರದ ಮೆಟ್ಟಿಲಿಗೆ ಹಿಂದಿರುಗುವ ಮಾತನ್ನು ನಾನು ಆಡಲಾರೆ. ಹಳೆ ಮನೆ ಕೆಡವಿದಾಗ ಸಿಗುವ ಗಟ್ಟಿ ತೊಲೆಗಳನ್ನು ಹೊಸ ಮೆಟ್ಟಿಲಿನ ಮಗ್ಗುಲ ಮರವಾಗಿ ಬಳಸಬಹುದು. ಹೊಸ ಮರ ಬೇಡ.

ಮರದ ಜಾಗಕ್ಕೆ ಬಂದ ಸ್ಲ್ಯಾಬಿನ ಮೆಟ್ಟಿಲು ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಎಷ್ಟು ಸಾಮಾನು ನುಂಗುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನೆಲದಿಂದ ಮಾಳಿಗೆಗೆ 3 ಮೀಟರ್ ಎತ್ತರ, ಮೆಟ್ಟಿಲಿನ ಅಗಲ 900 ಮಿ.ಮೀ. ಎಂದಿಟ್ಟುಕೊಳ್ಳಿ. ತಲಾ 176 ಮಿ.ಮೀ.ನಂತೆ 17 ಏರು, 250 ಮಿ.ಮೀ. ಅಂತರದಲ್ಲಿ 16 ಮೆಟ್ಟಿಲು. ಒಂದೇ ಓಟದ ಸ್ಲ್ಯಾಬ್ ಹಾಕಿದರೆ ಇಳಿಜಾರಿನ ಉದ್ದ 5 ಮೀಟರ್. ದಪ್ಪ 125 ಮಿ.ಮೀ. ಎಂದರೂ ಸ್ಲ್ಯಾಬಿಗೆ 0.56 ಘನ ಮೀಟರ್ ಕಾಂಕ್ರೀಟ್, ಅದರ ಮೇಲಿನ ಮುಮ್ಮೂಲೆ ಮೆಟ್ಟಿಲುಗಳಿಗೆ ಇನ್ನೊಂದು 0.32, ಒಟ್ಟು 0.88 ಘನ ಮೀಟರ್, ತೂಕ 2.2 ಟನ್. ಇದೇ ಅಳತೆಗೆ 280 ಮಿ.ಮೀ. ಅಗಲ, 60 ಮಿ.ಮೀ. ದಪ್ಪದ 16 ಬಿಡಿ ಹಲಗೆ ಎರೆದರೆ ಹಿಡಿಯುವುದು 0.24 ಘನ ಮೀಟರ್. ಅವನ್ನು ಹೊರಲು ನಡುವೆ 200 ಮಿ.ಮೀ. ಅಗಲ, 250 ಮಿ.ಮೀ. ಆಳದ ಒಂದು ಓರೆ ಬೀಮು ಹಾಕಿದರೆ ಇನ್ನೊಂದು 0.25. ಎರಡೂ ಸೇರಿ ಸ್ಲ್ಯಾಬಿನ ಅರ್ಧಕ್ಕಿಂತ ತುಸು ಹೆಚ್ಚು. ಸಿಮೆಂಟು, ಜಲ್ಲಿ ಘಟ್ಟ ಹತ್ತಿ ಬರಬೇಕಾದ, ಹೊಳೆ ಮರಳಿಗೆ ಪರದಾಡುವ ಊರಿನಲ್ಲಿ ಇದು ಸಣ್ಣ ಉಳಿತಾಯವಲ್ಲ. ಸ್ಲ್ಯಾಬಿನ ಅಡಿಗೆ ಹೊಡೆಯುವ ಸೆಂಟ್ರಿಂಗ್ ಹಲಗೆ, ಅದಕ್ಕೆ ಕೊಡುವ ಮರದ ಊರೆಗೋಲು ನನ್ನ ಲೆಕ್ಕದಲ್ಲಿ ಬಂದೇ ಇಲ್ಲ. ಓರೆ ಬೀಮಿಗೂ ಸೆಂಟ್ರಿಂಗ್ ಬೇಕು ನಿಜ, ಆದರೆ ಅದು ಒಂದು ಗೇಣು ಅಗಲದ ಕೆಲಸ.

ಲೆಕ್ಕಕ್ಕಿಂತ ದೊಡ್ಡದು ಮಳೆ. ಶಿರಸಿಯಲ್ಲಿ ವರ್ಷಕ್ಕೆ 2,500 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಮನೆಯೊಳಗೆ ಗಾಳಿ ಆಡದ ಮೂಲೆ ಯಾವುದಿದ್ದರೂ ಅಲ್ಲಿ ಬೂಸ್ಟು ಹಿಡಿಯುತ್ತದೆ. ಸ್ಲ್ಯಾಬಿನ ಮೆಟ್ಟಿಲಿನ ಅಡಿಯ ಓರೆ ಮೂಲೆ ಎಲ್ಲಕ್ಕಿಂತ ಮೊದಲು ಹಿಡಿಯುವ ಜಾಗ. ಅಲ್ಲಿ ಗೋಡೆಗೆ ಹೊಡೆದ ಬಣ್ಣ ಆಷಾಢದ ಹೊತ್ತಿಗೆ ಪೊರೆ ಪೊರೆಯಾಗಿ ಏಳುತ್ತದೆ, ಒಳಗಿಟ್ಟ ಚಾಪೆ, ಗೋಣಿಚೀಲಗಳಿಗೆ ಮುಗ್ಗಲು ವಾಸನೆ ಹತ್ತುತ್ತದೆ. ಸ್ಲ್ಯಾಬ್ ಬೆಳಕನ್ನೂ ತಡೆಯುತ್ತದೆ. ನಮ್ಮಲ್ಲಿ ಇಳಿಮಾಡಿನ ಮನೆಗಳೇ ಹೆಚ್ಚು. ಮಳೆ ಒಳಗೆ ಹೊಡೆಯದಿರಲೆಂದು ಮಾಡನ್ನು ತಗ್ಗಿಸುತ್ತೇವೆ, ಕಿಟಕಿಯನ್ನು ಚಿಕ್ಕದಿಡುತ್ತೇವೆ, ಬೆಳಕಿಗೆ ನಡುನಡುವೆ ಗಾಜಿನ ಹಂಚು ಹಾಕುತ್ತೇವೆ. ಮೇಲಿಂದ ಇಳಿಯುವ ಆ ಸ್ವಲ್ಪ ಬೆಳಕು ಕೆಳಗಿನ ನಡುಮನೆಗೆ ತಲುಪಬೇಕಾದರೆ ಮೆಟ್ಟಿಲು ಅಡ್ಡ ನಿಲ್ಲಬಾರದು. ಹಲಗೆಗಳ ನಡುವೆ ಖಾಲಿ ಬಿಟ್ಟ ಮೆಟ್ಟಿಲು ನಗರದಿಂದ ಬಂದ ಶೋಕಿ ಎನ್ನುವವರು ಈ ಊರಿನ ಮಳೆಯನ್ನೂ ಮೆತ್ತಿನ ಏಣಿಯನ್ನೂ ಮರೆತು ಮಾತಾಡುತ್ತಾರೆ ಎಂದೇ ನನಗೆ ಅನ್ನಿಸುತ್ತದೆ.

ಅಚ್ಚಿನಲ್ಲಿ ಎರೆದ ಕಾಂಕ್ರೀಟ್ ನಮಗೆ ಹೊಸದೂ ಅಲ್ಲ. ಬಾವಿಗೆ ಇಳಿಸುವ ರಿಂಗು, ತೋಟದ ಬೇಲಿಗೆ ಹುಗಿಯುವ ಸಿಮೆಂಟ್ ಕಂಬ, ಚರಂಡಿ ಮುಚ್ಚುವ ಹಲಗೆ, ಕಿಟಕಿಯ ಜಾಲರಿ, ಮರದ ಬದಲು ಬಂದ ಬಾಗಿಲ ದಾರಂದ ಎಲ್ಲವೂ ಒಂದು ಕಡೆ ಎರೆದು ಇನ್ನೊಂದು ಕಡೆ ಕೂರಿಸಿದವೇ. ಸಿಮೆಂಟಿನೊಳಗೆ ಕಬ್ಬಿಣ ಇಡುವ ವಿದ್ಯೆಯೇ ಬೆಳೆದದ್ದು ಇಂಥ ಸಣ್ಣ ಎರಕದಿಂದ. ಫ್ರಾನ್ಸಿನ ತೋಟಗಾರ ಜೋಸೆಫ್ ಮೊನಿಯೆ 1867ರಲ್ಲಿ ಪೇಟೆಂಟ್ ಪಡೆದದ್ದು ಗಿಡ ನೆಡುವ ಕುಂಡಗಳಿಗೆ. ಬೇಲಿಕಂಬ ಎರೆಯಬಲ್ಲ ಗೌಂಡಿ ಮೆಟ್ಟಿಲ ಹಲಗೆಯನ್ನೂ ಎರೆಯಬಲ್ಲ. ಇನ್ನು ನಮ್ಮ ಕಾಲಮಾನಕ್ಕೆ ಇದು ಹೊಂದುವ ಬಗೆ ನೋಡಿ. ಮಳೆ ಹಿಡಿದ ಮೇಲೆ ಇಲ್ಲಿ ಮನೆ ಕಟ್ಟುವ ಕೆಲಸ ನಿಲ್ಲುತ್ತದೆ. ನಡೆಯುವುದೆಲ್ಲ ಮಳೆ ಹೋದ ಮೇಲಿನಿಂದ ಬೇಸಗೆಯ ಕೊನೆಯವರೆಗೆ, ಅದೂ ಅಡಿಕೆ ಕೊಯ್ಲಿನ ಗಡಿಬಿಡಿಯ ಜೊತೆಗೇ. ಬೇಸಗೆಯಲ್ಲಿ ಎರೆದ ಸ್ಲ್ಯಾಬಿಗೆ ದಿನವೂ ನೀರು ಕುಡಿಸಬೇಕು, ಆಗ ಬಾವಿಯ ನೀರು ತೋಟಕ್ಕೇ ಸಾಲುವುದಿಲ್ಲ. ಇಳಿಜಾರಿನಲ್ಲಿ ನೀರು ನಿಲ್ಲುವುದೂ ಇಲ್ಲ. ಬಿಡಿ ಹಲಗೆಗಳಿಗೆ ಈ ತಾಪತ್ರಯ ಇಲ್ಲ. ಆಷಾಢ, ಶ್ರಾವಣದಲ್ಲಿ ಕೊಟ್ಟಿಗೆಯ ಮಾಡಿನಡಿ, ಅಡಿಕೆ ಬೇಯಿಸುವ ಚಪ್ಪರದಡಿ ದಿನಕ್ಕೆರಡರಂತೆ ಎರೆದು, ಮಾರನೇ ದಿನ ಅಚ್ಚು ಬಿಡಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರೆ ಆಯಿತು. ಭಾರತೀಯ ಮಾನಕ ಐಎಸ್ 456 ಕೇಳುವುದು ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನದ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನದ ಆರೈಕೆ. ಇಲ್ಲಿ ಒಂದು ತಿಂಗಳು ನೀರಿನಲ್ಲೇ ಬಿಟ್ಟರೂ ಕೇಳುವವರಿಲ್ಲ. ಒಂದು ಹಲಗೆ 38 ಕಿಲೋ ತೂಗುತ್ತದೆ, ಇಬ್ಬರು ನಿರಾಯಾಸವಾಗಿ ಎತ್ತಬಹುದು. ಲಾರಿ ಹೋಗದ, ಹಳ್ಳ ದಾಟಿ ಕಾಲುದಾರಿಯಲ್ಲೇ ಸಾಮಾನು ಹೊರಬೇಕಾದ ತೋಟದ ಮನೆಗಳು ಈ ಮೂರೂ ತಾಲೂಕಿನಲ್ಲಿ ಇನ್ನೂ ಇವೆ. ಅಂಥ ಕಡೆ ಈ ತೂಕವೇ ದೊಡ್ಡ ಅನುಕೂಲ.

ಇಷ್ಟಾದರೂ ಈ ಹಲಗೆಯ ವಿಷಯದಲ್ಲಿ ಉದಾಸೀನ ಸಲ್ಲದು. ಬೇಲಿಕಂಬ ಮುರಿದರೆ ದನ ತೋಟಕ್ಕೆ ನುಗ್ಗೀತು. ಮೆಟ್ಟಿಲು ಮುರಿದರೆ ಮನುಷ್ಯ ಬೀಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾದದ್ದು ಒಳಗಿನ ಸರಳು ಯಾವ ಮೈಗೆ ಇದೆ ಎಂಬುದು. ಕಾಂಕ್ರೀಟ್ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಎಳೆತ ಬೀಳುವ ಕಡೆ ಕಬ್ಬಿಣ ಇರಬೇಕು. ಹಲಗೆಯ ಎರಡೂ ತುದಿಗೆ ಆಧಾರ ಇದ್ದರೆ, ಮೆತ್ತಿನ ಏಣಿಯ ಹಾಗೆ, ಕಾಲಿಟ್ಟಾಗ ನಡು ಕೆಳಗೆ ಬಾಗುತ್ತದೆ, ಎಳೆತ ಅಡಿಮೈಗೆ, ಸರಳು ಕೆಳಗಿರಬೇಕು. ನಡುವಿನ ಒಂದೇ ಬೀಮಿನ ಮೇಲೆ ಕೂರಿಸಿ ಎರಡು ರೆಕ್ಕೆ ಚಾಚಿದರೆ ಎಳೆತ ಮೇಲ್ಮೈಗೆ, ಸರಳು ಮೇಲಿರಬೇಕು. ಅಚ್ಚಿನಿಂದ ತೆಗೆದು ರಾಶಿ ಹಾಕಿದ ಮೇಲೆ ಎರಡು ಮೈಯೂ ಒಂದೇ ಥರ ಕಾಣುತ್ತವೆ. ತಲೆಕೆಳಗಾಗಿ ಕೂರಿಸಿದ ಹಲಗೆ ನೋಡಲು ಚೆನ್ನಾಗಿಯೇ ಇರುತ್ತದೆ, ಒಂದು ದಿನ ಭಾರ ಬಿದ್ದಾಗ ಬೀಮಿನ ಅಂಚಿಗೆ ಸರಿಯಾಗಿ ತುಂಡಾಗುತ್ತದೆ. ಹಾಗಾಗಿ ಎರೆಯುವಾಗಲೇ, ಹಸಿ ಇರುವಾಗಲೇ, ಮೇಲ್ಮೈಗೆ ಮೊಳೆಯಿಂದ ಗುರುತು ಹಾಕಬೇಕು. ಭಾರದ ಲೆಕ್ಕವನ್ನೂ ನಮ್ಮ ಬಳಕೆಗೆ ತಕ್ಕಂತೆ ನೋಡಬೇಕು. ಒಂದು ತುದಿ ಹಿಡಿದು ಇನ್ನೊಂದು ತುದಿ ತೆರೆದಿರುವ ಬಿಡಿ ಮೆಟ್ಟಿಲಿನ ತೆರೆದ ತುದಿಗೆ ಕನಿಷ್ಠ 1.3 ಕಿಲೋನ್ಯೂಟನ್, ಅಂದರೆ ಸುಮಾರು 130 ಕಿಲೋ ಭಾರ ಹಿಡಿಯಬೇಕೆಂದು ಐಎಸ್ 875 ಹೇಳುತ್ತದೆ. ಅಡಿಕೆ ಮೂಟೆ ಹೊತ್ತು ಹತ್ತುವ ಆಳಿನ ಭಾರ ಒಂದೇ ಪಾದದ ಮೇಲೆ ಬಿದ್ದಾಗ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಆದ್ದರಿಂದ ಅಡಿಕೆ ಮನೆಗೆ ಈ ಕನಿಷ್ಠ ಸಾಲದು, ಅದಕ್ಕಿಂತ ಮೇಲಿನ ಅಂದಾಜು ಬೇಕು. ಮೇಲೆ ಹೇಳಿದ ಅಳತೆಗೆ 8 ಮಿ.ಮೀ.ನ ಮೂರು ಸರಳು, ಅಡ್ಡಕ್ಕೆ 6 ಮಿ.ಮೀ.ನವು, ಎಂ20ಕ್ಕೆ ಕಡಿಮೆಯಿಲ್ಲದ ಕಾಂಕ್ರೀಟ್, ಸರಳಿಗೂ ಹೊರಮೈಗೂ ನಡುವೆ 20 ಮಿ.ಮೀ. ಕವರ್ ಎಂದು ಇಟ್ಟುಕೊಳ್ಳಬಹುದು. ನಿಮ್ಮ ಮನೆಯ ಅಳತೆಗೆ ಎಂಜಿನಿಯರ್ ಒಬ್ಬರ ಲೆಕ್ಕ ಬೇಕೇ ಬೇಕು. ಹೊಳೆಬಾಯಿಯ ಉಪ್ಪುಮರಳನ್ನು ಹತ್ತಿರವೂ ಸೇರಿಸಬಾರದು. ಇಷ್ಟು ತೆಳು ಹಲಗೆಯಲ್ಲಿ ಸರಳಿಗೆ ತುಕ್ಕು ಹತ್ತಿದರೆ ಸಿಮೆಂಟು ಸೀಳಿ ಏಳಲು ಹೆಚ್ಚು ವರ್ಷ ಬೇಕಿಲ್ಲ.

ಈಗಿನ ಪತ್ರಿಕೆಗಳ ಚಿತ್ರಗಳಲ್ಲಿ ಗೋಡೆಯಿಂದಲೇ ಹೊರಚಾಚಿ ಗಾಳಿಯಲ್ಲಿ ನಿಂತಂತೆ ಕಾಣುವ ಮೆಟ್ಟಿಲುಗಳನ್ನು ಕಂಡು ಅದೇ ಬೇಕೆನ್ನುವವರಿದ್ದಾರೆ. ಅದಕ್ಕೆ ನನ್ನ ವಿರೋಧವಿದೆ, ಕಾರಣ ನಮ್ಮ ಗೋಡೆ. ಲಂಡನ್ನಿನ ಗ್ರೀನಿಚ್‌ನಲ್ಲಿ ಇನಿಗೊ ಜೋನ್ಸ್ ಹದಿನೇಳನೇ ಶತಮಾನದಲ್ಲಿ ರೂಪಿಸಿದ ಕ್ವೀನ್ಸ್ ಹೌಸ್‌ನಲ್ಲಿ ನಡುಗಂಬವೇ ಇಲ್ಲದ ಸುರುಳಿ ಕಲ್ಲುಮೆಟ್ಟಿಲು ಇಂದಿಗೂ ಇದೆ. ಅಲ್ಲಿ ಪ್ರತಿ ಕಲ್ಲಿನ ಒಂದು ತುದಿ ಗೋಡೆಯೊಳಗೆ ಹೂತಿದೆ, ಜೊತೆಗೆ ಅದು ತನ್ನ ಕೆಳಗಿನ ಕಲ್ಲಿನ ಮೇಲೂ ಕೂತಿದೆ. ಗೋಡೆಯೋ, ಮೇಲಿನ ಅಂತಸ್ತಿನ ಭಾರವೆಲ್ಲ ಹೇರಿಕೊಂಡ ದಪ್ಪ ಗೋಡೆ. ನಮ್ಮದು ಚಿರೆಕಲ್ಲಿನ ಗೋಡೆ. ಕಟ್ಟಡದ ಚಿರೆಕಲ್ಲು ಕನಿಷ್ಠ ಪ್ರತಿ ಚದರ ಮಿ.ಮೀ.ಗೆ 3.5 ನ್ಯೂಟನ್ ಒತ್ತಡ ತಾಳಬೇಕೆಂದು ಐಎಸ್ 3620 ಹೇಳುತ್ತದೆ, ಎಂ20 ಕಾಂಕ್ರೀಟಿನದು 20. ಗೋಡೆಗೆ ಹೂತ ಹಲಗೆಯ ತೆರೆದ ತುದಿಗೆ ಕಾಲಿಟ್ಟಾಗ ಹೂತ ತುದಿ ಮೇಲೇಳಲು ನೋಡುತ್ತದೆ, ಅದನ್ನು ಒತ್ತಿ ಹಿಡಿಯುವುದು ಮೇಲಿನ ಗೋಡೆಯ ಭಾರ. ಹೆಂಚಿನ ಮಾಡಿನ ಮನೆಯಲ್ಲಿ ಮೇಲಿನ ಮೆಟ್ಟಿಲುಗಳ ನೆತ್ತಿಗೆ ಎರಡು ಮೂರು ಸಾಲು ಕಲ್ಲು, ಅದರ ಮೇಲೆ ಹಗುರ ಮಾಡು, ಅಷ್ಟೇ. ಮೇಲೆ ಹೋದಷ್ಟೂ ಹಿಡಿತ ಕಡಿಮೆ, ಬಿದ್ದರೆ ಪೆಟ್ಟು ಹೆಚ್ಚು. ಗೋಡೆಯೊಳಗೆ ಕಾಂಕ್ರೀಟ್ ಬೀಮು ಹಾಕಿ ಇದನ್ನು ಸಾಧಿಸಬಹುದು, ಆದರೆ ಹಾಗೆ ಮಾಡಿದಾಗ ಉಳಿತಾಯದ ಮಾತು ಬಿಡಬೇಕಾಗುತ್ತದೆ. ಎರಡು ಮಗ್ಗುಲಿಗೆ ಆಧಾರ ಕೊಡುವ ಮೆತ್ತಿನ ಏಣಿಯ ಕ್ರಮವೇ ಚಿರೆಕಲ್ಲಿನ ಮನೆಗೆ ಎಲ್ಲಕ್ಕಿಂತ ಸುರಕ್ಷಿತ. ನಡುವಿನ ಓರೆ ಬೀಮು ಅದರ ನಂತರದ್ದು.

ಆಕ್ಷೇಪಗಳಲ್ಲಿ ಗಂಭೀರವಾದದ್ದು ಮಕ್ಕಳದ್ದು, ವಯಸ್ಸಾದವರದ್ದು. ಖಾಲಿಯಲ್ಲಿ ಮಗು ನುಸುಳೀತು, ಅಜ್ಜಿಗೆ ಕೆಳಗೆ ಕಂಡು ತಲೆ ತಿರುಗೀತು, ಹತ್ತುವಾಗ ಪಾದದ ತುದಿ ಒಳಗೆ ಸಿಕ್ಕೀತು ಎನ್ನುತ್ತಾರೆ. ಇದನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ, ಯಾಕೆಂದರೆ ಹಳೆಯ ಏಣಿಮೆಟ್ಟಿಲು ಕಡಿದಾಗಿತ್ತು, ಅದರಿಂದ ಬಿದ್ದವರ ಕಥೆ ಇಲ್ಲದ ಊರಿಲ್ಲ. ಆದರೆ ಬಿದ್ದದ್ದಕ್ಕೆ ಕಾರಣ ಹೆಚ್ಚಾಗಿ ಆ ಕಡಿದು, ಸವೆದ ಹಲಗೆ, ಕೈಗೆ ಹಗ್ಗ ಬಿಟ್ಟರೆ ಬೇರೇನೂ ಇಲ್ಲದಿದ್ದದ್ದು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ 190 ಮಿ.ಮೀ. ಮೀರದ ಏರು, 250 ಮಿ.ಮೀ.ಗೆ ಕಡಿಮೆಯಿಲ್ಲದ ಮೆಟ್ಟಿಲು ಇರಬೇಕೆನ್ನುತ್ತದೆ, ನಾನು ಹೇಳಿದ ಅಳತೆ ಅದರೊಳಗೇ ಇದೆ. ಇನ್ನು ಖಾಲಿ. ಬ್ರಿಟನ್ನಿನ ನಿಯಮದಂತೆ 100 ಮಿ.ಮೀ. ಗುಂಡು ಮೆಟ್ಟಿಲುಗಳ ನಡುವೆ ತೂರಬಾರದು, ಚಿಕ್ಕ ಮಗುವಿನ ತಲೆಯನ್ನು ನೆನೆದು ಮಾಡಿದ ಅಳತೆ ಅದು. 176 ಏರಿನಲ್ಲಿ 60 ಹಲಗೆಗೆ ಹೋದರೆ 116 ಉಳಿಯುತ್ತದೆ, ಸ್ವಲ್ಪ ಹೆಚ್ಚಾಯಿತು. ಎರೆಯುವಾಗಲೇ ಹಲಗೆಯ ಮುಂಬದಿಯ ಅಡಿಗೆ 30 ಮಿ.ಮೀ. ತುಟಿ ಇಳಿಬಿಟ್ಟರೆ ಖಾಲಿ 86ಕ್ಕೆ ಇಳಿಯುತ್ತದೆ, ಹಲಗೆಯ ಬಿಗಿಯೂ ಹೆಚ್ಚುತ್ತದೆ, ಬೆಳಕು ಗಾಳಿಗೆ ಕೊರತೆಯಾಗುವುದಿಲ್ಲ. ಕೈಹಿಡಿ ಎರಡೂ ಮಗ್ಗುಲಿಗೆ ಬೇಕು, ಅದರ ನಡುಸರಳುಗಳ ಸಂದೂ 100 ಮೀರಬಾರದು. ಕೆಳಗೆ ನೋಡಿ ತಲೆ ತಿರುಗುವವರಿಗೆ ಹಲಗೆಯ ಮುಂಚೂಣಿಗೆ ಎರಡು ಬೆರಳು ಅಗಲದ ಕೆಂಪು ಅಥವಾ ಕಪ್ಪು ಪಟ್ಟಿ ಸಹಾಯ ಮಾಡುತ್ತದೆ, ಕಾಲಿಡುವ ಜಾಗ ಕಣ್ಣಿಗೆ ಸ್ಪಷ್ಟವಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಮಂಡಿನೋವಿನ ಹಿರಿಯರು ದಿನವೂ ಮಾಳಿಗೆ ಹತ್ತುವ ಮನೆಯಾದರೆ, ನಡುವೆ ಒಂದು ಚೌಕಿ ಬಿಟ್ಟು ಏರನ್ನು ಇನ್ನೂ ತಗ್ಗಿಸುವುದೇ ಲೇಸು.

ಉಳಿದ ಆಕ್ಷೇಪಗಳು ಇಷ್ಟು ಭಾರದವಲ್ಲ. ಮೆಟ್ಟಿಲಿನಡಿಯ ಉಗ್ರಾಣ ಹೋಗುತ್ತದೆ ಎನ್ನುತ್ತಾರೆ; ಬೂಸ್ಟು ಹಿಡಿಯುವ ಉಗ್ರಾಣ ಹೋದರೆ ನಷ್ಟವಿಲ್ಲ, ಆ ಬೆಳಕಿನ ಜಾಗದಲ್ಲಿ ಒಂದು ಮೇಜು ಹಿಡಿಯುತ್ತದೆ. ಲಾಭ ನಷ್ಟ ಎಂದು ಎಣಿಸುತ್ತ ಹೋಗಿ ಲಾಭದಲ್ಲಿ ಮುಗಿಯಬೇಕು ಎನ್ನುವವರಿಗೆ 17 ಏರು ಬೆಸವೇ ಇದೆ. ಸಿಮೆಂಟ್ ಹಲಗೆ ಚಳಿಗಾಲದಲ್ಲಿ ಕಾಲಿಗೆ ತಣ್ಣಗೆ ಹತ್ತುತ್ತದೆ ಎಂಬುದು ನಿಜ. ಹಳೆಯ ಮನೆಗಳ ಕೆಂಪು ಕಾವಿ ನೆಲಕ್ಕೆ ಒಗ್ಗಿದ ಕಾಲಿಗೆ ಅದು ಹೊಸದಲ್ಲ, ಮೇಲ್ಮೈಯನ್ನು ತೀರ ನಯ ಮಾಡದೆ ಬಿಟ್ಟರೆ ಜಾರುವ ಭಯವೂ ಕಡಿಮೆ. ಒಳ್ಳೆಯ ಅಚ್ಚಿಗೆ ಖರ್ಚು ಹಿಡಿಯುತ್ತದೆ, ಒಂದೇ ಮನೆಯ 16 ಹಲಗೆಗೆ ಅದು ಹೆಚ್ಚೆಂದೇ ಅನ್ನಿಸಬಹುದು. ಆದರೆ ತಗಡಿನ ಒಂದು ಅಚ್ಚು ಊರಿನ ಎಷ್ಟೋ ಮನೆಗೆ ಬರುತ್ತದೆ. ಬಾವಿ ರಿಂಗಿನ ಅಚ್ಚನ್ನು ಊರೂರು ತಿರುಗಿಸುವವರು ಮೆಟ್ಟಿಲಿನದನ್ನೂ ತಿರುಗಿಸಬಹುದು.

ಒಂದು ಕಡೆ ಮಾತ್ರ ನಾನು ಈ ಹಲಗೆಯ ಪರ ಮಾತಾಡಲಾರೆ. ಮನೆಯ ಹೊರಗೆ, ಮಾಡಿಲ್ಲದ ಕಡೆ, ತಾರಸಿಗೆ ಹತ್ತುವ ಬಯಲು ಮೆಟ್ಟಿಲಿಗೆ 60 ಮಿ.ಮೀ. ಹಲಗೆ ಸಲ್ಲದು. ಜಡಿಮಳೆಗೆ ನೆನೆದು ಬಿಸಿಲಿಗೆ ಒಣಗುವ ಕಾಂಕ್ರೀಟನ್ನು ಐಎಸ್ 456 ತೀವ್ರ ಪರಿಸರ ಎಂದು ಎಣಿಸಿ ಎಂ30 ಕಾಂಕ್ರೀಟ್, 45 ಮಿ.ಮೀ. ಕವರ್ ಕೇಳುತ್ತದೆ. 60ರ ಹಲಗೆಯಲ್ಲಿ ಅಷ್ಟು ಕವರ್ ಬಿಟ್ಟರೆ ಸರಳಿಗೆ ಜಾಗ ಎಲ್ಲಿದೆ? ಹೊರಗಿನ ಮೆಟ್ಟಿಲಿಗೆ ಕಲ್ಲೇ ಸರಿ. ಸಿದ್ದಾಪುರದ ಭುವನಗಿರಿಯ ಗುಡ್ಡ ಹತ್ತಿಸುವ ಕಲ್ಲುಮೆಟ್ಟಿಲುಗಳು ಎಷ್ಟು ಮಳೆಗಾಲ ಕಂಡಿವೆಯೋ, ಪಾಚಿ ಕೆರೆದರೆ ಇಂದಿಗೂ ಗಟ್ಟಿ.

ಮನೆ ಕಟ್ಟಿಸುವ ಯೋಚನೆ ಇರುವವರಿಗೆ ಕೊನೆಯದಾಗಿ ಒಂದು ಕೋರಿಕೆ. ಬರುವ ಮಳೆಗಾಲದಲ್ಲಿ ಎರೆಸುವುದಾದರೆ ಬೇಕಾದ್ದಕ್ಕಿಂತ ಒಂದು ಹಲಗೆ ಹೆಚ್ಚು ಎರೆಸಿ. ಒಂದು ತಿಂಗಳ ಆರೈಕೆ ಮುಗಿದ ಮೇಲೆ ಮನೆಯಲ್ಲಿ ಅದು ಹೇಗೆ ಕೂರಬೇಕೋ ಹಾಗೆಯೇ ನೆಲಕ್ಕೆ ಹತ್ತಿರ ಆಧಾರದ ಮೇಲೆ ಕೂರಿಸಿ, ಕಾಲಿಡುವ ಜಾಗಕ್ಕೆ ಮರಳಿನ ಚೀಲ ಹೇರುತ್ತ ಹೋಗಿ. ಎಷ್ಟು ಭಾರಕ್ಕೆ ಬಿರುಕು ಬಿಟ್ಟಿತೆಂದು ಬರೆದಿಡಿ, ಆಮೇಲೆ ಸುತ್ತಿಗೆಯಿಂದ ಒಡೆದು ಸರಳು ಎಲ್ಲಿ ಕೂತಿದೆ ಎಂದು ಎಂಜಿನಿಯರ್, ಗೌಂಡಿ ಇಬ್ಬರನ್ನೂ ಕರೆದು ತೋರಿಸಿ. ಆ ಒಂದು ಹಲಗೆಗೆ ಹಿಡಿಯುವುದು 15 ಲೀಟರ್ ಕಾಂಕ್ರೀಟ್.